ಕಾಕರಣೆ ಹಕ್ಕಿ ನೋಡಲು 8×42 ದುರ್ಬೀನೋ, 10×42 ದುರ್ಬೀನೋ?

ಆಗುಂಬೆಯ ಕಾಡಿನಲ್ಲಿ ಕಾಕರಣೆ ಹಕ್ಕಿಯನ್ನು (ಮಲಬಾರ್ ಟ್ರೋಗನ್) ಹುಡುಕಿ ಹೊರಡುವವರು 8×42 ದುರ್ಬೀನನ್ನೇ ಕೊಳ್ಳಬೇಕೆಂದು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಮೊದಲ ಅಂಕಿ ದುರ್ಬೀನು ಎಷ್ಟು ಪಟ್ಟು ಹಿಗ್ಗಿಸುತ್ತದೆಂಬುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್ ಲೆಕ್ಕದಲ್ಲಿ. ಹಕ್ಕಿ ದೊಡ್ಡದಾಗಿ ಕಂಡಷ್ಟೂ ಗುರುತಿಸುವುದು ಸುಲಭವೆಂದು ನಂಬಿ ನಾನು ಕೊಂಡದ್ದು 10×42. ಎರಡು ಬೇಸಿಗೆ ಅದರೊಂದಿಗೆ ಅಲೆದು, ಕೊನೆಗೆ ಅದನ್ನು ಮಾರಿದೆ.

ಕಾಕರಣೆ ನಡು ಎತ್ತರದ ಕೊಂಬೆಯ ಮೇಲೆ ನೆಟ್ಟಗೆ, ಅಲುಗದೆ ಕುಳಿತಿರುತ್ತದೆ. ನಮ್ಮ ಸುಳಿವು ಸಿಕ್ಕರೆ ಕೆಂಪು ಹೊಟ್ಟೆಯನ್ನು ಆಚೆ ತಿರುಗಿಸಿ ಕಂದು ಬೆನ್ನನ್ನಷ್ಟೇ ನಮ್ಮ ಕಡೆ ಬಿಡುತ್ತದೆ. ‘ಕ್ಯೂ ಕ್ಯೂ’ ಎಂಬ ಕೂಗಿನಿಂದ ದಿಕ್ಕು ತಿಳಿದ ಮೇಲೂ ಬಳ್ಳಿ, ಎಲೆ, ಕಾಂಡಗಳ ನಡುವೆ ಆ ಕಂದು ತುಣುಕನ್ನು ಹುಡುಕಬೇಕು. ಹತ್ತು ಪಟ್ಟು ಹಿಗ್ಗಿಸುವ ದುರ್ಬೀನಿನಲ್ಲಿ ಒಮ್ಮೆಗೆ ಕಾಣುವ ಜಾಗ ಕಿರಿದು. ಯಾವ ಕೊಂಬೆಯನ್ನು ನೋಡುತ್ತಿದ್ದೇನೆಂಬುದೇ ನನಗೆ ತಿಳಿಯುತ್ತಿರಲಿಲ್ಲ. ಅದನ್ನು ಇಳಿಸಿ, ಬರಿಗಣ್ಣಿನಲ್ಲಿ ಗುರುತು ಮಾಡಿಕೊಂಡು, ಮತ್ತೆ ಎತ್ತುವಷ್ಟರಲ್ಲಿ ಹಕ್ಕಿ ಬೇರೆ ಮರಕ್ಕೆ ಹೋಗಿರುತ್ತಿತ್ತು.

ಸಿಕ್ಕಾಗಲೂ ಬೆಳಕು ಸಾಲುತ್ತಿರಲಿಲ್ಲ. 10×42ರಿಂದ ಕಣ್ಣಿಗೆ ಬರುವ ಬೆಳಕಿನ ಕಿಂಡಿಯ ಅಗಲ 4.2 ಮಿಲಿಮೀಟರ್, 8×42ರದ್ದು 5.25. ಬಯಲಿನಲ್ಲಿ ಈ ಅಂತರ ಲೆಕ್ಕಕ್ಕೆ ಬರುವುದಿಲ್ಲ; ಬೆಳಗಿನ ಏಳು ಗಂಟೆಗೂ ಮಬ್ಬಾಗಿರುವ ನಿತ್ಯಹರಿದ್ವರ್ಣ ಕಾಡಿನಲ್ಲಿ, ಗಂಡಿನ ಕಪ್ಪು ಎದೆ ಮತ್ತು ಕೆಂಪು ಹೊಟ್ಟೆಯ ನಡುವಿನ ಬಿಳಿ ಪಟ್ಟಿ ಕಾಣುವುದೂ ಕಾಣದಿರುವುದೂ ಇದರ ಮೇಲೆಯೇ ನಿಂತಿದೆ. ಹೆಣ್ಣಿನ ಹಳದಿ ಬೆರೆತ ಕಂದು ಹೊಟ್ಟೆಯಂತೂ ಹತ್ತರದ್ದರಲ್ಲಿ ನನಗೆ ಒಮ್ಮೆಯೂ ಸ್ಪಷ್ಟವಾಗಲಿಲ್ಲ. ಎಂಟರದ್ದನ್ನು ಕೊಂಡ ಮೊದಲ ವಾರವೇ, ಕಾಲುದಾರಿಯ ಪಕ್ಕದಲ್ಲಿ ಕುಳಿತಿದ್ದ ಹೆಣ್ಣು ಹಕ್ಕಿಯನ್ನು ಕೈ ನಡುಗದೆ ಐದಾರು ನಿಮಿಷ ನೋಡಿದೆ. ಆ ಸಂತೋಷ ಇನ್ನೂ ಆರಿಲ್ಲ.

ತೂಕ, ಬೆಲೆ ಎರಡರದ್ದೂ ಹೆಚ್ಚುಕಡಿಮೆ ಒಂದೇ.

ಗೆಳೆಯರಿಂದ ತಂದ 8×32 ಹಗುರವಾಗಿತ್ತು, ಆದರೆ ಮುಂಜಾನೆ ಮಂಕಾಯಿತು. ಕುದುರೆಮುಖದ ಹುಲ್ಲುಗಾವಲಿನಲ್ಲಿ ದೂರದ ಹದ್ದುಗಳನ್ನು ನೋಡಲು ಮಾತ್ರ ಹತ್ತರದ್ದೇ ಮೇಲು, ಅದನ್ನು ಒಪ್ಪುತ್ತೇನೆ.

ನಾನು ಕನ್ನಡಕ ಧರಿಸುವವನು, ಸ್ಟ್ಯಾಂಡ್ ಹೊರದೆ ಅರ್ಧ ದಿನ ನಡೆಯುವವನು, ಒಂದೇ ದುರ್ಬೀನಿಗೆ ಹಣ ಹೊಂದಿಸಬಲ್ಲವನು. ಆದ್ದರಿಂದ ನನ್ನ ಆಯ್ಕೆ 8×42. ಕೊಳ್ಳುವಾಗ ಸ್ವಲ್ಪ ಹಣ ಹೆಚ್ಚಾದರೂ ಒಳಗೆ ಸಾರಜನಕ ತುಂಬಿ ಮುಚ್ಚಿರುವ ಮಾದರಿಯನ್ನೇ ಕೇಳಿ ಪಡೆಯಿರಿ; ಆಗುಂಬೆಯ ತೇವಕ್ಕೆ ಉಳಿದವುಗಳ ಗಾಜು ಒಳಗಿನಿಂದಲೇ ಮಂಜುಗಟ್ಟುತ್ತದೆ.