ಮಾಸ್ಟರ್ ಆಫ್ ಪಪೆಟ್ಸ್ ಮತ್ತು ಬ್ಲ್ಯಾಕ್ ಆಲ್ಬಂ: ಮೊದಲು ಯಾವುದನ್ನು ಕೇಳಬೇಕು?

ಅಮೆರಿಕದ ಮೆಟಲ್ (ಬಿರುಸಾದ ಗಿಟಾರ್‌ಗಳ ರಾಕ್ ಸಂಗೀತ) ತಂಡವಾದ ಮೆಟಾಲಿಕಾದ ಸಂಗೀತವನ್ನು ಹೊಸದಾಗಿ ಕೇಳಹೊರಟವರ ಮುಂದೆ ಸಾಮಾನ್ಯವಾಗಿ ಎರಡು ಹೆಸರುಗಳು ಬರುತ್ತವೆ: 1986ರ ‘ಮಾಸ್ಟರ್ ಆಫ್ ಪಪೆಟ್ಸ್’ ಮತ್ತು ಹೊದಿಕೆಯ ಬಣ್ಣದಿಂದಾಗಿ ‘ಬ್ಲ್ಯಾಕ್ ಆಲ್ಬಂ’ ಎಂದೇ ಪ್ರಸಿದ್ಧವಾದ 1991ರ ‘ಮೆಟಾಲಿಕಾ’.

ಮೊದಲನೆಯದನ್ನು ನಿರ್ಮಾಪಕ ಫ್ಲೆಮಿಂಗ್ ರಾಸ್ಮುಸೆನ್ ಅವರೊಡನೆ 1985ರ ಕೊನೆಯ ತಿಂಗಳುಗಳಲ್ಲಿ ಕೋಪನ್‌ಹೇಗನ್‌ನ ಸ್ವೀಟ್ ಸೈಲೆನ್ಸ್ ಸ್ಟುಡಿಯೋದಲ್ಲಿ ಧ್ವನಿಮುದ್ರಿಸಲಾಯಿತು. ಇದರಲ್ಲಿರುವುದು 8 ಹಾಡುಗಳಷ್ಟೇ ಆದರೂ ಅವಧಿ ಸುಮಾರು 55 ನಿಮಿಷ. ಶೀರ್ಷಿಕೆ ಗೀತೆಯೊಂದೇ ಎಂಟು ನಿಮಿಷಗಳನ್ನು ದಾಟುತ್ತದೆ ಮತ್ತು ಅದರ ಬಿರುಸಾದ ಗಿಟಾರ್ ವಾದನವು ನಡುವೆ ಇಂಪಾದ ವಿಳಂಬ ಗತಿಗೆ ಇಳಿದು, ಮೆಲ್ಲಗೆ ಬಲ ಕೂಡಿಸಿಕೊಂಡು ಮತ್ತೆ ಮೊದಲಿನ ವೇಗಕ್ಕೆ ಮರಳುವ ರೀತಿ ಇಂದಿಗೂ ಬೆರಗು ಹುಟ್ಟಿಸುತ್ತದೆ. ಗಾಯನವಿಲ್ಲದ ‘ಓರಿಯನ್’ ಕೃತಿಯಲ್ಲಿ ತಂಡದ ಸದಸ್ಯ ಕ್ಲಿಫ್ ಬರ್ಟನ್ ಅವರ ಬೇಸ್ ಗಿಟಾರ್ ಮುಂದಾಳಾಗುತ್ತದೆ. 1986ರ ಸೆಪ್ಟೆಂಬರ್‌ನಲ್ಲಿ ಸ್ವೀಡನ್‌ನ ಬಸ್ ಅಪಘಾತದಲ್ಲಿ ಅವರು ತೀರಿಕೊಂಡದ್ದರಿಂದ, ಅವರು ನುಡಿಸಿದ ಕೊನೆಯ ಆಲ್ಬಂ ಇದೇ ಆಯಿತು. 2016ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ರಾಷ್ಟ್ರೀಯ ಧ್ವನಿಮುದ್ರಣ ದಾಖಲೆಗೆ ಇದನ್ನು ಸೇರಿಸಿಕೊಂಡಿತು. ಆ ಗೌರವ ಪಡೆದ ಮೊದಲ ಮೆಟಲ್ ಕೃತಿ ಇದು.

ಬಾಬ್ ರಾಕ್ ನಿರ್ಮಾಣದಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸಿದ್ಧವಾದ ಎರಡನೆಯದರಲ್ಲಿ 12 ಹಾಡುಗಳಿವೆ. ಅವು ಚಿಕ್ಕವು, ಗತಿಯಲ್ಲಿ ನಿಧಾನವಾದವು. ಡ್ರಮ್ ಮತ್ತು ಬೇಸ್‌ಗಳ ನಾದ ಇಲ್ಲಿ ಹೆಚ್ಚು ತುಂಬಿಕೊಂಡಿದೆ. ‘ನಥಿಂಗ್ ಎಲ್ಸ್ ಮ್ಯಾಟರ್ಸ್’ನಂಥ ಭಾವಗೀತೆಯೂ ಇರುವುದರಿಂದ ಮೆಟಲ್‌ಗೆ ಒಗ್ಗದ ಕಿವಿಗೆ ಇದೇ ಸುಲಭ.

ಆದರೂ ಒಂದು ಗಂಟೆ ಏಕಾಗ್ರವಾಗಿ ಕೂರಬಲ್ಲವರಿಗೆ, ಅದರಲ್ಲೂ ರಾಗದ ವಿಸ್ತಾರವನ್ನು ಸಾವಧಾನದಿಂದ ಕೇಳಿ ಬಲ್ಲವರಿಗೆ, ನಾನು ‘ಮಾಸ್ಟರ್ ಆಫ್ ಪಪೆಟ್ಸ್’ ಅನ್ನೇ ಮೊದಲು ಸೂಚಿಸುತ್ತೇನೆ.