ಅಡಾಲಿಮುಮ್ಯಾಬ್ 40 ಮಿಗ್ರಾಂ: ಪ್ರೆಡ್ನಿಸೊಲೋನ್ ಇಳಿಸಿಕೊಟ್ಟರೆ ಮಾತ್ರ ಕೊಟ್ಟ ದುಡ್ಡು ಸಾರ್ಥಕ

ರುಮಟಾಯ್ಡ್ ಸಂಧಿವಾತಕ್ಕೆ ವರ್ಷಗಟ್ಟಲೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ನುಂಗಿದವರಿಗೆ ಡಾಕ್ಟರು ಬಯಾಲಜಿಕ್ (ಜೀವಕೋಶಗಳಿಂದ ತಯಾರಿಸಿದ ಔಷಧಿ) ಬರೆದಾಗ ಬಹಳ ಸಲ ಕೈಗೆ ಬರುವುದು ಅಡಾಲಿಮುಮ್ಯಾಬ್‌ನ ಬಯೋಸಿಮಿಲರ್, ಅಂದರೆ ಮೂಲ ಔಷಧಿಯನ್ನು ಹೋಲುವಂತೆ ಬೇರೆ ಕಂಪನಿ ಮಾಡಿದ ತಯಾರಿ. 2014ರ ಡಿಸೆಂಬರ್‌ನಲ್ಲಿ ಝೈಡಸ್ ಕಂಪನಿ ತಂದ ಎಕ್ಸೆಂಪ್ಟಿಯಾ ಇದರಲ್ಲಿ ಮೊದಲನೆಯದು. ಈ ಕಾಯಿಲೆಗೆ ರೂಢಿಯ ಡೋಸ್ 40 ಮಿಗ್ರಾಂ, ಎರಡು ವಾರಕ್ಕೊಮ್ಮೆ, ಚರ್ಮದ ಕೆಳಗೆ. ನಾವು ಇದನ್ನು ಅಳೆಯುವುದು ಒಂದೇ ಪ್ರಶ್ನೆಯಿಂದ: ಆರು ತಿಂಗಳಲ್ಲಿ ಸ್ಟೀರಾಯ್ಡ್ ಎಷ್ಟು ಇಳಿಯಿತು? ನೋವು ಕಡಿಮೆಯಾಗಿದೆ, ಮಾತ್ರೆ ಮಾತ್ರ ಹಾಗೇ ಇದೆ ಅಂದರೆ ಅರ್ಧ ಕೆಲಸವೂ ಆಗಿಲ್ಲ.

ಹೆಚ್ಚು ತಪ್ಪಾಗುವುದು ಇಲ್ಲೇ. ಸೂಜಿ ಶುರುವಾಯಿತೆಂದು ಮಾತ್ರೆ ನಿಲ್ಲಿಸುತ್ತಾರೆ. ಅಡಾಲಿಮುಮ್ಯಾಬ್ ಕೆಲವರಿಗೆ ಎರಡು ವಾರದಲ್ಲೇ ಗುಣ ತೋರಿಸಬಹುದು, ಆದರೆ ತೀರ್ಮಾನಕ್ಕೆ 12 ವಾರ ಬೇಕು. ಅಲ್ಲಿಯವರೆಗೆ ಎರಡೂ ಜೊತೆಯಲ್ಲಿ ನಡೆಯಬೇಕು. ಊತ ಇಳಿದ ಮೇಲೆ ಪ್ರೆಡ್ನಿಸೊಲೋನ್ ದಿನಕ್ಕೆ 10 ಮಿಗ್ರಾಂಗಿಂತ ಮೇಲಿದ್ದರೆ ಒಂದೆರಡು ವಾರಕ್ಕೆ 2.5 ಮಿಗ್ರಾಂನಂತೆ, ಅದಕ್ಕಿಂತ ಕೆಳಗೆ ತಿಂಗಳಿಗೆ 1 ಮಿಗ್ರಾಂನಂತೆ ಇಳಿಸುವುದು ಸಾಮಾನ್ಯ ಕ್ರಮ. ನಿಮ್ಮ ಲೆಕ್ಕವನ್ನು ರುಮಟಾಲಜಿಸ್ಟರೇ (ಸಂಧಿವಾತ ತಜ್ಞರು) ಬರೆದುಕೊಡಬೇಕು. 1 ಮಿಗ್ರಾಂ ಮಾತ್ರೆ ಎಲ್ಲಾ ಅಂಗಡಿಯಲ್ಲಿ ಸಿಗುವುದಿಲ್ಲ. ಒಂದು ದಿನ 5, ಮರುದಿನ 2.5 ಎಂದು ಬರೆದುಕೊಟ್ಟಿದ್ದರೆ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.

ಇಳಿಸುವಾಗ ಮೈಕೈ ನೋವು ಬರುತ್ತದೆ. ಅದೆಲ್ಲ ಕಾಯಿಲೆ ಮರುಕಳಿಸಿದ್ದೇ ಅಲ್ಲ. ಬೆರಳಿನ ಗೆಣ್ಣು ಊದಿಕೊಂಡು, ಬೆಳಗಿನ ಬಿಗಿತ ಗಂಟೆ ದಾಟಿ, ರಕ್ತದಲ್ಲಿ ಉರಿಯೂತ ತೋರಿಸುವ ಸಿಆರ್‌ಪಿ ಏರಿದರೆ ಕಾಯಿಲೆಯೇ ಇರಬಹುದು. ಊತವಿಲ್ಲದ ಸುಸ್ತು, ನೋವು ಸ್ಟೀರಾಯ್ಡ್ ಬಿಡುವಾಗಿನ ಸಂಕಟ ಆಗಿರಬಹುದು. ವಾಂತಿ, ಎದ್ದು ನಿಂತರೆ ತಲೆ ಸುತ್ತುವುದು, ಬಿಪಿ ಇಳಿಯುವುದು ದೇಹದ ಸ್ವಂತ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ಸೋತಿರುವ ಲಕ್ಷಣ. ಆಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು, ಸ್ಟೀರಾಯ್ಡ್ ತೆಗೆದುಕೊಳ್ಳುವವರು ಎಂದು ಮೊದಲೇ ಹೇಳಬೇಕು. ಮಾತ್ರೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಬೇಕಾಗುತ್ತದೆ. ಮಾತ್ರೆ ಇಳಿಸುವ ಕೊನೆಯ ಹಂತದಲ್ಲಿ, ಆ ಗ್ರಂಥಿ ಮಾಡುವ ಕಾರ್ಟಿಸಾಲ್ ಎಷ್ಟಿದೆ ಎಂದು ಬೆಳಗಿನ 8 ಗಂಟೆಗೆ ನೋಡುವ ರಕ್ತಪರೀಕ್ಷೆ ಉಪಯುಕ್ತ.

ಮೊದಲ ಸೂಜಿಗೂ ಮುಂಚೆ ಎದೆ ಎಕ್ಸ್‌ರೇ, ಕ್ಷಯದ ಪರೀಕ್ಷೆ, ಹೆಪಟೈಟಿಸ್ ಬಿ ಮತ್ತು ಸಿ, ಎಚ್‌ಐವಿ, ಲಿವರ್ ಪರೀಕ್ಷೆ ಆಗಲೇಬೇಕು. ನಮ್ಮ ದೇಶದಲ್ಲಿ ಕ್ಷಯದ್ದೇ ದೊಡ್ಡ ಆತಂಕ. ದಿನಕ್ಕೆ 15 ಮಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೊಲೋನ್ ತಿಂಗಳಾನುಗಟ್ಟಲೆ ತೆಗೆದುಕೊಂಡವರಲ್ಲಿ ಮಾಂಟೂ (ಕ್ಷಯಕ್ಕಾಗಿ ಚರ್ಮಕ್ಕೆ ಚುಚ್ಚಿ ನೋಡುವ) ಪರೀಕ್ಷೆ ಸುಳ್ಳು ನೆಗೆಟಿವ್ ಬರಬಹುದು, ಆದ್ದರಿಂದ ಅದೊಂದನ್ನೇ ನಂಬಬೇಡಿ. ಮಲಗಿರುವ ಕ್ಷಯ (ಲಕ್ಷಣವಿಲ್ಲದೆ ದೇಹದಲ್ಲಿ ಅಡಗಿದ ಸೋಂಕು) ಸಿಕ್ಕರೆ ಅದರ ಮಾತ್ರೆ ಶುರುಮಾಡಿ ಸಾಮಾನ್ಯವಾಗಿ ತಿಂಗಳಾದ ಮೇಲೆ ಬಯಾಲಜಿಕ್. ಸಂಧಿವಾತಕ್ಕೆ ಕೊಡುವ ಇನ್ನೊಂದು ಔಷಧಿ ಮೆಥೊಟ್ರೆಕ್ಸೇಟ್ ಇದ್ದರೆ ನೀವಾಗಿ ಬಿಡಬೇಡಿ. ಅಡಾಲಿಮುಮ್ಯಾಬ್ ವಿರುದ್ಧ ದೇಹ ಪ್ರತಿಕಾಯ ಮಾಡಿಕೊಳ್ಳುವುದನ್ನು ಅದು ತಗ್ಗಿಸುತ್ತದೆ.

ಚುಚ್ಚುವುದು ಕಲಿಯಬಹುದಾದ ಕೆಲಸ. ಫ್ರಿಜ್‌ನಿಂದ ತೆಗೆದು ಅರ್ಧ ಗಂಟೆ ಮೇಜಿನ ಮೇಲಿಡಿ, ಬಿಸಿನೀರಲ್ಲಿ ಅದ್ದಬೇಡಿ, ಅಲ್ಲಾಡಿಸಬೇಡಿ. ಸಿರಿಂಜನ್ನು ಬೆಳಕಿಗೆ ಹಿಡಿದಾಗ ದ್ರವದಲ್ಲಿ ಚೂರು ತೇಲಿದರೆ ಬಳಸಬೇಡಿ. ತೊಡೆಯ ಮುಂಭಾಗ, ಇಲ್ಲವೇ ಹೊಕ್ಕುಳಿಂದ ಎರಡು ಇಂಚು ದೂರ. ಚರ್ಮ ಹಿಡಿದೆತ್ತಿ 45 ಡಿಗ್ರಿಯಲ್ಲಿ ಚುಚ್ಚಿ ನಿಧಾನಕ್ಕೆ ಒತ್ತಿ, ಆಮೇಲೆ ಉಜ್ಜಬೇಡಿ. ಸಿಟ್ರೇಟ್ ಎಂಬ ಲವಣ ಬೆರೆತ ತಯಾರಿ ಚುರುಚುರು ಅನ್ನುತ್ತದೆ, ಇಲ್ಲದ್ದು ಹೆಚ್ಚು ಹಿತ.

ಔಷಧಿ ಕೆಡುವುದು ಹೆಚ್ಚಾಗಿ ದಾರಿಯಲ್ಲಿ. 2ರಿಂದ 8 ಡಿಗ್ರಿಯಲ್ಲಿರಬೇಕು, ಹೆಪ್ಪುಗಟ್ಟಿದ್ದನ್ನು ಕರಗಿಸಿ ಬಳಸುವಂತಿಲ್ಲ. ಬೆಂಗಳೂರಿನಿಂದ ಊರಿಗೆ ಬಸ್ಸಿನಲ್ಲಿ ಒಯ್ಯುವಾಗ ಐಸ್ ಪ್ಯಾಕಿಗೆ ಪೆಟ್ಟಿಗೆ ತಾಗದಂತೆ ಬಟ್ಟೆ ಸುತ್ತಿ. ಒಂದೇ ಬಾಗಿಲಿನ ಫ್ರಿಜ್‌ನಲ್ಲಿ ಫ್ರೀಜರ್ ಕೆಳಗಿನ ತಟ್ಟೆ ಬೇಡ, ಬಾಗಿಲಿನ ಖಾನೆಯೂ ಬೇಡ.

ವಿಮೆಯ ಬಗ್ಗೆ ಮೊದಲೇ ಬರವಣಿಗೆಯಲ್ಲಿ ಕೇಳಿ. ಮನೆಯಲ್ಲೇ ಚುಚ್ಚಿಕೊಳ್ಳುವುದಕ್ಕೆ ಹಲವು ಪಾಲಿಸಿಗಳು ಹಣ ಕೊಡುವುದಿಲ್ಲ.

ಜ್ವರ, ಬಿಡದ ಕೆಮ್ಮು, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಆ ವಾರದ ಸೂಜಿ ಫ್ರಿಜ್‌ನಲ್ಲೇ ಇರಲಿ, ಮೊದಲು ಡಾಕ್ಟರಿಗೆ ಫೋನ್ ಮಾಡಿ. ಪ್ರೆಡ್ನಿಸೊಲೋನ್ ಮಾತ್ರ ಆ ದಿನವೂ ತಪ್ಪಿಸಬೇಡಿ.