‘24 ಗಂಟೆ ಸ್ಟ್ರೋಕ್ ಕೇರ್’ ಬೋರ್ಡ್ ಕಂಡರೆ ಒಳಗೆ ಹೋಗುವ ಮೊದಲು ಇದನ್ನು ಓದಿ

ಉಡುಪಿ–ಮಂಗಳೂರು ಹೈವೇ ಬದಿಯ ಒಂದು ಆಸ್ಪತ್ರೆ. ದೂರು ಕೊಟ್ಟಾಗಿದೆ, ಹಾಗಾಗಿ ಹೆಸರು ಇಲ್ಲಿ ಹಾಕುವುದಿಲ್ಲ. ಹೊರಗೆ ದೊಡ್ಡ ಬೋರ್ಡು, ‘24 ಗಂಟೆ ಸ್ಟ್ರೋಕ್ ಕೇರ್’. ಆ ಬೋರ್ಡಿನ ಒಳಗೆ ನನ್ನ ಅಮ್ಮನನ್ನು ಏಳು ಗಂಟೆ ಹೊತ್ತು ಸುಮ್ಮನೆ ಮಲಗಿಸಿದರು. ಸುಮ್ಮನೆ ಅಂದರೆ ಸುಮ್ಮನೆ.

ಅಮ್ಮನಿಗೆ 58. ಸಂಜೆ ಆರೂವರೆಗೆ ಚಾವಡಿಯಲ್ಲಿ ಕೂತು ಬೀಡಿ ಕಟ್ಟುತ್ತಿದ್ದರು. ಕೈಯಿಂದ ಕತ್ತರಿ ಜಾರಿತು, ಹೆಕ್ಕಲಿಕ್ಕೆ ಆಗಲಿಲ್ಲ. ಬಾಯಿ ಒಂದು ಬದಿಗೆ ಹೋಗಿತ್ತು. ಏಳು ಗಂಟೆಗೆ ನಾವು ಕ್ಯಾಶುವಾಲ್ಟಿಯಲ್ಲಿದ್ದೆವು. ಇದಕ್ಕಿಂತ ಬೇಗ ಯಾರಿಂದ ಬರಲಿಕ್ಕೆ ಆಗುತ್ತದೆ ಹೇಳಿ?

ಸಿಟಿ ಸ್ಕ್ಯಾನ್ ಆಯಿತು. ಡ್ಯೂಟಿ ಡಾಕ್ಟರ್ ಹೊರಗೆ ಬಂದು, “ಬ್ಲೀಡಿಂಗ್ ಇಲ್ಲ, ಸ್ಕ್ಯಾನ್ ನಾರ್ಮಲ್ ಉಂಟು, ಟೆನ್ಶನ್ ಮಾಡ್ಬೇಡಿ. ಕ್ಲಾಟಿಗೆ ಇಂಜೆಕ್ಷನ್ ಹಾಕಿದ್ದೇವೆ. ನ್ಯೂರೋ ಡಾಕ್ಟ್ರು ಬೆಳಿಗ್ಗೆ ಬರ್ತಾರೆ” ಅಂದರು. ನಾರ್ಮಲ್ ಅಂತೆ! ರಕ್ತನಾಳ ಕಟ್ಟಿಕೊಂಡ ಮೊದಲ ಗಂಟೆಗಳಲ್ಲಿ ಸಾದಾ ಸಿಟಿ ಎಷ್ಟೋ ಸಲ ನಾರ್ಮಲ್ ಆಗಿಯೇ ಕಾಣುತ್ತದೆ ಎಂದು ಆಮೇಲೆ ಗೊತ್ತಾಯಿತು. ರಕ್ತಸ್ರಾವ ಅಲ್ಲ ಎಂದು ತಿಳಿಯಲಿಕ್ಕೆ ಆ ಸ್ಕ್ಯಾನ್ ಬೇಕು. ಆದರೆ ಯಾವ ನಾಳದಲ್ಲಿ ಕ್ಲಾಟ್, ಅಂದರೆ ಹೆಪ್ಪುಗಟ್ಟಿದ ರಕ್ತ, ಕೂತಿದೆ ಎಂದು ತೋರಿಸುವುದು ಸಿಟಿ ಆಂಜಿಯೋ. ಅದನ್ನು ಮಾಡಲಿಲ್ಲ. ಇಲ್ಲಿ ಆಗುವುದಿಲ್ಲ, ಬೇರೆ ಕಡೆ ಹೋಗಿ ಎಂದೂ ಹೇಳಲಿಲ್ಲ. ಅಡ್ವಾನ್ಸ್ ಕಟ್ಟಿಸಿಕೊಂಡರು, ಐಸಿಯು ಹೊರಗೆ ಕೂರಿಸಿದರು.

ಹತ್ತು ಗಂಟೆಗೆ ಅಣ್ಣ ಕೇಳಿದ, “ಸಿಸ್ಟರ್, ಅಮ್ಮ ಕೈ ಎತ್ತುವುದೇ ಇಲ್ಲವಲ್ಲ?”

“ಇಂಜೆಕ್ಷನ್ ಕೆಲಸ ಮಾಡ್ಲಿಕ್ಕೆ ಟೈಮ್ ಬೇಕಲ್ವಾ.”

ಮಧ್ಯರಾತ್ರಿ ಅತ್ತಿಗೆಯ ತಂಗಿ ಫೋನ್ ಮಾಡಿದಳು. ಅವಳು ಮಂಗಳೂರಿನಲ್ಲಿ ನರ್ಸ್. “ಆಂಜಿಯೋ ಮಾಡಿದ್ರಾ? ಮಾಡಿಲ್ವಾ? ಹಾಗಾದ್ರೆ ಈಗಲೇ ಹೊರಡಿ, ಬೆಳಿಗ್ಗೆವರೆಗೆ ಕಾಯ್ಬೇಡಿ” ಅಂದಳು. ಹೊರಡಲಿಕ್ಕೆ ಬಿಡಬೇಕಲ್ಲ! ಬಿಲ್ ಪೂರ್ತಿ ಆಗದೆ ಪೇಪರ್ ಕೊಡುವುದಿಲ್ಲ ಅಂದರು. “ನಿಮ್ಮ ರಿಸ್ಕಲ್ಲಿ ಕರ್ಕೊಂಡು ಹೋಗ್ತಿದ್ದೀರಿ, ಸೈನ್ ಹಾಕಿ” ಅಂದರು. ಆ್ಯಂಬುಲೆನ್ಸ್ ಹತ್ತುವಾಗ ಎರಡು ಗಂಟೆ.

ಮಂಗಳೂರಿನ ಡಾಕ್ಟರ್ ಮೊದಲು ಕೇಳಿದ್ದು, “ಕೊನೆಗೆ ಸರಿಯಾಗಿ ಇದ್ದದ್ದು ಎಷ್ಟು ಗಂಟೆಗೆ?” ಹೇಳಿದೆ. ಕ್ಲಾಟ್ ಕರಗುವ ಇಂಜೆಕ್ಷನ್ ಆಗಿದೆ ಅಂತಲೂ ಹೇಳಿದೆ. ಅವರು ಪೇಪರ್ ತಿರುಗಿಸಿ ತಿರುಗಿಸಿ ನೋಡಿದರು. “ಇದರಲ್ಲಿ ಇಲ್ವಲ್ಲ. ಕೊಟ್ಟ ಇಂಜೆಕ್ಷನ್ ಪ್ಯಾಂಟೊಪ್ರಜೋಲ್. ಅದು ಗ್ಯಾಸ್ಟ್ರಿಕ್‌ದು.” ಮತ್ತೆ ಒಂದು ಆಸ್ಪಿರಿನ್, ಒಂದು ಡ್ರಿಪ್. ಅಷ್ಟೇ. ರಾತ್ರಿಯಿಡೀ ನಾವು ‘ಇಂಜೆಕ್ಷನ್ ಆಗಿದೆ, ಇಂಜೆಕ್ಷನ್ ಆಗಿದೆ’ ಎಂದು ಊರಿಗೆಲ್ಲ ಫೋನಿನಲ್ಲಿ ಹೇಳಿದ್ದು ಹೊಟ್ಟೆಯ ಗ್ಯಾಸಿನ ಇಂಜೆಕ್ಷನ್ ಬಗ್ಗೆ. ಅವರೆದುರು ತಲೆ ಎತ್ತಲಿಕ್ಕೆ ಆಗಲಿಲ್ಲ ನನಗೆ. ಈಗ ಬರೆಯುವಾಗಲೂ ಕೈ ನಡುಗುತ್ತದೆ.

ಕರಗಿಸುವ ಇಂಜೆಕ್ಷನಿಗೆ ನಾಲ್ಕೂವರೆ ಗಂಟೆಯ ಗಡುವು. ನಾವು ಅರ್ಧ ಗಂಟೆಯಲ್ಲಿ ಬಂದವರು!

ಅಲ್ಲಿ ಕೂಡಲೇ ಆಂಜಿಯೋ ಮಾಡಿದರು. ಎಡಬದಿಯ ದೊಡ್ಡ ನಾಳವೇ ಬಂದ್. ತೊಡೆಯ ಸಂದಿನಿಂದ ತೂರಿಸಿದ ಸಪೂರ ನಳಿಕೆಯನ್ನು ಮೆದುಳಿನವರೆಗೆ ಕೊಂಡುಹೋಗಿ, ಸ್ಟೆಂಟಿನ ಬಲೆಯಲ್ಲಿ ಕ್ಲಾಟನ್ನು ಹಿಡಿದು ಎಳೆದು ತೆಗೆಯುತ್ತಾರೆ. ಥ್ರಾಂಬೆಕ್ಟಮಿ ಅನ್ನುತ್ತಾರೆ. ಇದು ನಿನ್ನೆ ಮೊನ್ನೆಯ ಪ್ರಯೋಗ ಅಲ್ಲ. 2015ರಲ್ಲೇ ದೊಡ್ಡ ದೊಡ್ಡ ಅಧ್ಯಯನಗಳಲ್ಲಿ ಸಾಬೀತಾದದ್ದು. ಸಾಮಾನ್ಯವಾಗಿ 6 ಗಂಟೆಯೊಳಗೆ ಮಾಡುತ್ತಾರೆ. ಸ್ಕ್ಯಾನಿನಲ್ಲಿ ಇನ್ನೂ ಉಳಿಸಬಹುದಾದ ಭಾಗ ಕಂಡರೆ ಕೆಲವರಿಗೆ 24 ಗಂಟೆವರೆಗೂ ಮಾಡುತ್ತಾರೆ. ಅಮ್ಮನಿಗೆ ಸ್ವಲ್ಪ ಭಾಗ ಉಳಿದಿತ್ತು, ಅದಕ್ಕೇ ಮಾಡಿದರು.

ಆದ ಮೇಲೆ ಡಾಕ್ಟರ್ ಸ್ಕ್ರೀನಿನಲ್ಲಿ ತೋರಿಸಿದರು. ಮೊದಲು ಅರ್ಧಕ್ಕೆ ಕಡಿದುಹೋಗಿದ್ದ ನಾಳ ಆಮೇಲೆ ಕೊಂಬೆ ಕೊಂಬೆಯಾಗಿ ತುಂಬಿಕೊಂಡದ್ದು ಕಂಡಿತು. ಖುಷಿಯಲ್ಲಿ ಕೈ ಮುಗಿದೆ. ಅವರು ತಡೆದು ಹೇಳಿದರು, “ನಾಳ ಪೂರ್ತಿ ಓಪನ್ ಆಗಿದೆ. ಆದ್ರೆ ಅಷ್ಟರಲ್ಲೇ ಸತ್ತ ಭಾಗ ಉಂಟಲ್ಲ, ಅದಕ್ಕೆ ಈಗ ರಕ್ತ ಹೋದ್ರೂ ಜೀವ ಬರುವುದಿಲ್ಲ. ಬಾವು ಬರಬಹುದು, ಬ್ಲೀಡ್ ಆಗಬಹುದು, ನೋಡ್ಬೇಕು.” ದೊಡ್ಡ ನಾಳ ಕಟ್ಟಿದರೆ ಮಿನಿಟಿಗೆ ಸರಾಸರಿ 19 ಲಕ್ಷ ನರಕೋಶ ಸಾಯುತ್ತದಂತೆ. ಐಸಿಯು ಹೊರಗೆ ಕೂತ ಆ ಏಳು ಗಂಟೆಗೆ ಲೆಕ್ಕ ಹಾಕಿ ನೋಡಿ.

ಅಮ್ಮ ಬದುಕಿದ್ದಾರೆ. ಕಾಲು ಎಳೆದು ನಡೆಯುತ್ತಾರೆ. ಬಲಗೈ ಬೆರಳು ಮಡಚಿಯೇ ಇರುತ್ತದೆ, ನಾವು ಬಿಡಿಸಿದರೆ ಪುನಃ ಮಡಚುತ್ತದೆ. ನೀರು ಬೇಕಾದರೂ ‘ಅದು’, ನನ್ನನ್ನು ಕರೆಯಲಿಕ್ಕೂ ‘ಅದು’.

ಫೈಲ್ ಕೇಳಲು ಮೊದಲಿನ ಆಸ್ಪತ್ರೆಗೆ ಹೋದಾಗ ಅಲ್ಲಿಯ ಮ್ಯಾನೇಜರ್ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. “ಅಲ್ಲಿ ಕ್ಲಾಟ್ ತೆಗೆದಾಯ್ತಲ್ವಾ, ಮತ್ತೆ ಎಂತ ಪ್ರಾಬ್ಲಮ್?” ಇಂಜೆಕ್ಷನ್ ಬಗ್ಗೆ ಕೇಳಿದರೆ, “ಡಾಕ್ಟ್ರು ಹಾಗೆ ಹೇಳಿರ್ಲಿಕ್ಕಿಲ್ಲ, ನಿಮಗೆ ಗಾಬರಿಯಲ್ಲಿ ಹಾಗೆ ಕೇಳಿಸಿರ್ಬೇಕು.” ಬೋರ್ಡಿನ ಬಗ್ಗೆ ಕೇಳಿದರೆ, “ಬೋರ್ಡಲ್ಲಿ ಸ್ಟ್ರೋಕ್ ಕೇರ್ ಅಂತ ಉಂಟು, ಥ್ರಾಂಬೆಕ್ಟಮಿ ಅಂತ ಇಲ್ಲ ಸರ್.” ಇಂಥ ಮಾತು ಆಡಲಿಕ್ಕೆ ಬಾಯಿ ಹೇಗೆ ಬರುತ್ತದೆ?

ನಿಮ್ಮ ಮನೆಯಲ್ಲಿ ಯಾರದಾದರೂ ಬಾಯಿ ವಾರೆಯಾದರೆ, ಕೈ ಸೋತರೆ, ಮಾತು ತಪ್ಪಿದರೆ ಗಂಟೆ ನೋಡಿಕೊಳ್ಳಿ, 108ಕ್ಕೆ ಫೋನ್ ಮಾಡಿ. ಆಸ್ಪತ್ರೆಯ ಬಾಗಿಲಲ್ಲೇ ಕೇಳಿ, ಸಿಟಿ ಆಂಜಿಯೋ ಈಗ ಆಗುತ್ತದಾ, ಕ್ಲಾಟ್ ತೆಗೆಯುವ ಡಾಕ್ಟರ್ ಈ ರಾತ್ರಿಯೇ ಬರುತ್ತಾರಾ ಎಂದು. ‘ಬೆಳಿಗ್ಗೆ’ ಎಂಬ ಮಾತು ಬಂದರೆ ಅಲ್ಲಿ ನಿಲ್ಲಬೇಡಿ. ಕ್ಲಾಟ್ ಕರಗಿಸಲಿಕ್ಕೆ ಇಂಜೆಕ್ಷನ್ ಹಾಕಿದ್ದೇವೆ ಅಂದರೆ ಅದರ ಹೆಸರು ಬರೆಸಿಕೊಳ್ಳಿ, ಆಲ್ಟಿಪ್ಲೇಸ್ ಅಥವಾ ಟೆನೆಕ್ಟಿಪ್ಲೇಸ್ ಇರಬೇಕು. ಫೈಲ್ ಕೊಡುವುದಿಲ್ಲ ಅಂದರೆ ಬರವಣಿಗೆಯಲ್ಲಿ ಕೇಳಿ, 72 ಗಂಟೆಯೊಳಗೆ ಕೊಡಬೇಕೆಂದು ನಿಯಮ ಉಂಟು. ನಮಗೂ ಹಾಗೆಯೇ ಸಿಕ್ಕಿದ್ದು.

ಆ ಫೈಲ್ ಇಟ್ಟು ಮಣಿಪಾಲದ ಡಿಸಿ ಆಫೀಸಿನಲ್ಲಿ ದೂರು ಕೊಟ್ಟಿದ್ದೇನೆ. ಕೊಟ್ಟ ಮೇಲೆ ಅದೇ ಮ್ಯಾನೇಜರ್ ಫೋನ್ ಮಾಡಿ, “ಬಿಲ್ಲಲ್ಲಿ ಸ್ವಲ್ಪ ವಾಪಸ್ ಮಾಡ್ತೇವೆ, ದೂರು ತೆಗೀರಿ” ಅಂದರು. ತೆಗೆಯುವುದಿಲ್ಲ ಅಂದೆ.